ನಾನು ಹೇಳೋ ತನಕ ಬಿಚ್ಚಬೇಡಿ

ಶುಕ್ರವಾರ ಮಧ್ಯಾಹ್ನ ಸೋದರಮಾವನ ಬೈಂಡಿಂಗ್ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಮೆಟ್ಟಿಲ ಪಕ್ಕದ ಲೋಳೆಸರದ ಕುಂಡ. ಹಿಂದಿನ ವಾರ ಅದು ಎಲ್ಲ ಕಡೆಗೂ ತೋಳು ಚಾಚಿ, ಹೋಗಿಬರುವವರ ಮೊಣಕಾಲಿಗೆಲ್ಲ ಚುಚ್ಚುತ್ತ ನಿಂತಿತ್ತು. ಈಗ ನಡುವಿನ ಎರಡು ಮರಿ ಎಲೆ ಬಿಟ್ಟರೆ ಉಳಿದದ್ದೆಲ್ಲ ಬುಡದಿಂದ ಮಾಯ. ಕೊಯ್ದ ಜಾಗದಲ್ಲಿ ಹಳದಿ ರಸ ಇಳಿದು, ಕಂದಾಗಿ ಒಣಗಿತ್ತು.

ನನಗೆ ನಗು ಬಂತು. ಅತ್ತೆ ತಂಗಿಯ ಬಾಣಂತನಕ್ಕೆಂದು ಭಾನುವಾರವೇ ಹೋಗಿದ್ದರು. ಹೆಂಡತಿ ಇಲ್ಲದ ಹೊತ್ತು ನೋಡಿ ಮಾವ ಮುಖಕ್ಕೆ ಹಚ್ಚಿಕೊಂಡು ಸುಂದರಾಂಗನಾಗಲು ಹೊರಟಿದ್ದಾನೆ ಅಂದುಕೊಂಡೆ. ಬಾಗಿಲಲ್ಲೇ ನಿಂತು ಅತ್ತೆಯ ದನಿ ತೆಗೆದೆ.

"ಏನ್ರೀ, ನನ್ನ ಸರ ಯಾರ್ರೀ ಕದ್ದಿದ್ದು?"

ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಮಾವ ಅತ್ತೆಗೆ ತಂದುಕೊಟ್ಟ ಒಂದೇ ಸರ ಲೋಳೆಸರ ಅನ್ನುವುದು ನಮ್ಮ ಮನೆಯ ಹಳೇ ಜೋಕು. ಮಾಮೂಲಿಯಾಗಿದ್ದರೆ ಒಳಗಿಂದ "ಬಾರೋ ಕಳ್ಳ, ಕಿವಿ ತಗೊಂಡು ಬಾ" ಅನ್ನುವ ಉತ್ತರ ಬರಬೇಕಿತ್ತು. ನಾನು ಯಾರ ದನಿ ಮಾಡಿದರೂ ಎರಡನೇ ವಾಕ್ಯಕ್ಕೆ ಕಂಡುಹಿಡಿದು, ಹೆಬ್ಬೆರಳು ತೋರುಬೆರಳ ನಡುವೆ ನನ್ನ ಕಿವಿ ಹಿಡಿದು ಹಿಂಡುವುದು ಮಾವನ ಹಕ್ಕು. ಆ ಎರಡು ಬೆರಳೇ ಅವನ ಅನ್ನ. ಕಾಗದದ ದಪ್ಪ, ರಟ್ಟಿನ ತೇವ, ದಾರದ ಮೇಣ, ಎಲ್ಲವನ್ನೂ ಆ ಎರಡರ ನಡುವೆ ಉಜ್ಜಿಯೇ ಹೇಳುತ್ತಿದ್ದ. ನನ್ನ ಕಿವಿಯನ್ನೂ ಉಜ್ಜಿ, "ರಟ್ಟು ಪರವಾಗಿಲ್ಲ, ಒಳಗೆ ಮಾತ್ರ ಪೂರಾ ಖಾಲಿ ಹಾಳೆ" ಅನ್ನುತ್ತಿದ್ದ.

ಅವತ್ತು ಉತ್ತರ ಬರಲಿಲ್ಲ. ವಾಸನೆ ಬಂತು.

ಬೈಂಡಿಂಗ್ ಅಂಗಡಿಗೆ ಅದರದೇ ವಾಸನೆ ಇರುತ್ತದೆ. ಮೈದಾ ಸರಿ, ರಟ್ಟಿಗೆ ಹೊದಿಸುವ ಕ್ಯಾಲಿಕೊ ಬಟ್ಟೆ, ಹಳೇ ಪುಸ್ತಕದ ಧೂಳು, ಕಾದ ಅಂಟು. ಇದು ಅದ್ಯಾವುದೂ ಅಲ್ಲ. ಹೂದಾನಿಯ ನೀರು ವಾರಗಟ್ಟಲೆ ಬದಲಿಸದಿದ್ದರೆ ಬರುತ್ತದಲ್ಲ, ಅಂಥದ್ದು.

ಮಾವ ಹೊಲಿಗೆ ಮೇಜಿನ ಹಿಂದೆ ಕೂತಿದ್ದ. ಬಲಗೈಯನ್ನು ಮೇಜಿನ ಮೇಲೆ ಯಾರೋ ಬಿಟ್ಟುಹೋದ ಪಾರ್ಸೆಲ್ಲಿನಂತೆ ಇಟ್ಟುಕೊಂಡಿದ್ದ. ಒಳಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನಾಲ್ಕು ಸುತ್ತು ಕ್ಯಾಲಿಕೊ ಪಟ್ಟಿ, ಅದರ ಮೇಲೆ ಮೇಣದ ದಾರ. ಸುತ್ತಿನಿಂದ ಸುತ್ತಿಗೆ ಒಂದೇ ಅಂತರ, ಗಂಟು ಒಳಮುಖ. ಕಟ್ಟುವುದೇ ಕಸುಬಾದವನು ಕಟ್ಟಿದ ಕಟ್ಟು. ಆಚೆ ಇಣುಕಿದ್ದ ಬೆರಳ ತುದಿಗಳು ಊದಿ ಮಿರಮಿರ ಅನ್ನುತ್ತಿದ್ದವು. ಹೆಬ್ಬೆರಳಿನ ಬಣ್ಣ ಬೇರೆಯೇ ಇತ್ತು.

"ಬನ್ನಿ ಅಳಿಯಂದ್ರೇ" ಅಂದ ಮಾವ. ನಗುತ್ತಿದ್ದ. ಕಣ್ಣು ಮಾತ್ರ ಜ್ವರದವರ ಕಣ್ಣಿನಂತೆ ಹೊಳೆಯುತ್ತಿತ್ತು. "ಕಟ್ಟು ಹೇಗಿದೆ ನೋಡು. ಒಂದೇ ಕೈಯಲ್ಲಿ, ಅದೂ ಎಡಗೈಯಲ್ಲಿ, ಇನ್ನೊಂದು ತುದಿ ಹಲ್ಲಲ್ಲಿ ಹಿಡ್ಕೊಂಡು ಕಟ್ಟಿದ್ದು."

"ಮಾವ, ಏನಿದು? ಅಂಟು ಸ್ವಲ್ಪ ತಾಗಿದೆ ಅಂತಲ್ವಾ ಅತ್ತೆ ಹೇಳಿದ್ದು?"

"ಸ್ವಲ್ಪಾನೇ. ತೊಟ್ಟಿಯಲ್ಲಿ ಅಂಟು ಕುದೀತಿತ್ತು, ಪುಸ್ತಕ ಜಾರ್ತು, ಹಿಡಿಯೋಕೆ ಹೋದೆ. ಅಂಗೈಗೂ ಹೆಬ್ಬೆರಳ ಬುಡಕ್ಕೂ ಕಚ್ಕೊಂಡ್ತು. ಕಿತ್ತೆ. ಜೊತೆಗೆ ಚರ್ಮಾನೂ ಒಂಚೂರು ಬಂತು."

"ಕಟ್ಟು ಯಾವಾಗ ಬದಲಾಯಿಸಿದ್ದು?"

"ಬದಲಾಯಿಸೋದಾ!" ಅಂಟು ಒಣಗದ ಪುಸ್ತಕವನ್ನು ಬಿಗಿದ ಪ್ರೆಸ್ಸಿನಿಂದ ತೆಗೆಯಲೇ ಅಂತ ಕೇಳಿದವನನ್ನು ನೋಡುವ ಹಾಗೆ ನನ್ನನ್ನು ನೋಡಿದ. "ಸೋಮವಾರ ಕಟ್ಟಿದ್ದು, ಮುಟ್ಟಿಲ್ಲ. ದಿನಾ ಒಂದು ಎಲೆ ಹಿಂಡಿ ಸಂದಿಯಿಂದ ರಸ ಬಿಡ್ತಿದೀನಿ ಅಷ್ಟೆ. ಡಾಕ್ಟ್ರು ಸ್ಪಷ್ಟವಾಗಿ ಹೇಳಿದಾರೆ, 'ನಾನು ಹೇಳೋ ತನಕ ಬಿಚ್ಚಬೇಡಿ' ಅಂತ."

"ಯಾವ ಡಾಕ್ಟ್ರು?"

"ನಮ್ಮ ಹ್ಞಾಂ ಡಾಕ್ಟ್ರು ಕಣೋ. ಪಾಪ, ಸೋಮವಾರ ಅವರೇ ಫೋನ್ ಮಾಡಿದ್ರು."

ಅವರು ಮಾಡಿರಲಿಲ್ಲ. ನಾನು ಮಾಡಿದ್ದೆ.

ನನ್ನ ಕೆಲಸ ಬಸ್ ನಿಲ್ದಾಣದಲ್ಲಿ, ಮೈಕಿನ ಮುಂದೆ. ಯಾವ ಬಸ್ಸು ಎಷ್ಟನೇ ಅಂಕಣಕ್ಕೆ ಬರುತ್ತದೆ ಅಂತ ಕೂಗುವುದು. ಪದವಿ ಓದಿದ್ದಕ್ಕೆ ಸಿಕ್ಕ ಪದವಿ ಇದು. ಬಸ್ಸು ಬಸ್ಸಿನ ನಡುವೆ ಹೊತ್ತು ಹೋಗುವುದಿಲ್ಲ. ಹಾಗಾಗಿ ಗಾಜಿನ ಕೋಣೆಯಲ್ಲಿ ಕೂತು ಊರಿನವರನ್ನೆಲ್ಲ ಒಬ್ಬೊಬ್ಬರಾಗಿ ಗಂಟಲಿಗೆ ಇಳಿಸಿಕೊಳ್ಳುತ್ತಿದ್ದೆ. ಹ್ಞಾಂ ಡಾಕ್ಟರು ನಮ್ಮ ಬೀದಿಯ ಕ್ಲಿನಿಕ್ಕಿನವರು. ಅವರು ಏನು ಹೇಳುವುದಕ್ಕೂ ಮೊದಲು ಮೂಗಿನಲ್ಲಿ "ಹ್ಞಾಂ" ಅಂದು, "ನೋಡಿ" ಅಂದು, ಒಂದು ಗುಟುಕು ಸುಮ್ಮನಿದ್ದು, ಆಮೇಲೆ "ಗಾಬರಿ ಬೇಡ" ಅನ್ನುತ್ತಾರೆ. ನೆಗಡಿಗೂ ಗಾಬರಿ ಬೇಡ, ಮೂಳೆ ಮುರಿದರೂ ಗಾಬರಿ ಬೇಡ. ಆ ಒಂದು ಗುಟುಕು ಮೌನ ಹಿಡಿಯಲು ನನಗೆ ಮೂರು ವಾರ ಬೇಕಾಯಿತು.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಅತ್ತೆ ಫೋನ್ ಮಾಡಿ, "ನಿಮ್ಮಾವ ಕೈಗೆ ಅಂಟು ಬೀಳಿಸ್ಕೊಂಡಿದಾರಂತೆ. ಸ್ವಲ್ಪಾನೇ ಅಂತಾರೆ. ನೀನೊಂದು ಸಲ ವಿಚಾರ್ಸು ಮಗಾ" ಅಂದಿದ್ದರು. ಮಾವ ಡಾಕ್ಟರ ಹತ್ತಿರ ಹೋಗುವವನಲ್ಲ. ದಿನಕ್ಕೆ ಸಾವಿರ ಸಲ ಸೂಜಿ ಚುಚ್ಚುವವನಿಗೆ ಒಂದು ಸಲ ಚುಚ್ಚಿಸಿಕೊಳ್ಳುವ ಧೈರ್ಯವಿಲ್ಲ. ಅವನ ಆಸ್ಪತ್ರೆ ಎಂದರೆ ಮೆಟ್ಟಿಲ ಮೇಲಿನ ಕುಂಡ. ಕಾಗದ ಬೆರಳು ಕೊಯ್ದರೆ ಲೋಳೆಸರ, ಮೈದಾ ಸರಿ ಕಲಸಿ ಕೈ ಬಿರಿದರೆ ಲೋಳೆಸರ. ಅದು ಗುಣ ಕೊಡುತ್ತಲೂ ಇತ್ತು. ಅತ್ತೆ ಅದನ್ನು ಅಚ್ಚುಕಟ್ಟಾಗಿ ಮಾಡುತ್ತಿದ್ದರು. ಎಲೆ ಕೊಯ್ದು ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ, ತುರಿಕೆ ತರುವ ಹಳದಿ ರಸವೆಲ್ಲ ಇಳಿಯುವ ತನಕ ಅರ್ಧ ಗಂಟೆ ಕಾದು, ತೊಳೆದು, ಸಿಪ್ಪೆ ಹೆರೆದು, ಕನ್ನಡಿಯಂಥ ತಿರುಳು ಮಾತ್ರ ಹಚ್ಚುವುದು. ಬಿಸಿಲಿಗೆ ನನ್ನ ಮೂಗು ಸುಲಿದಾಗ ನನಗೂ ಹಚ್ಚಿದ್ದರು. ಎರಡು ದಿನಕ್ಕೆ ಹೊಸ ಮೂಗು.

ನಾನು ವಿಚಾರಿಸಿದೆ. ವಿಚಾರಿಸಿದ ದನಿ ಮಾತ್ರ ನನ್ನದಾಗಿರಲಿಲ್ಲ. ಅಂಗಡಿಯ ಫೋನು ಹಳೇದು, ಯಾರ ನಂಬರೆಂದು ತೋರಿಸುವುದಿಲ್ಲ. "ಹ್ಞಾಂ... ನೋಡಿ..." ಅಂದೆ. ಗುಟುಕು ಸುಮ್ಮನಿದ್ದೆ. "ಗಾಬರಿ ಬೇಡ."

ಆ ಕಡೆಯಿಂದ ಮಾವ, "ಸರಿ ಡಾಕ್ಟ್ರೇ" ಅಂದ.

ಅವನು ನನ್ನನ್ನು ಹಿಡಿದಿದ್ದಾನೆ, ಹಿಡಿದೂ ಆಟ ಮುಂದುವರಿಸುತ್ತಿದ್ದಾನೆ ಅಂದುಕೊಂಡೆ. ನಮ್ಮಿಬ್ಬರಲ್ಲಿ ಅದು ಇದ್ದದ್ದೇ. ಅಮ್ಮನ ಕಡೇ ತಮ್ಮ ಅವನು, ನನಗಿಂತ ಹನ್ನೆರಡೇ ವರ್ಷಕ್ಕೆ ದೊಡ್ಡವನು. ಯಾರು ಮೊದಲು ನಗುತ್ತಾರೋ ಅವರು ಸೋತಂತೆ. "ಲೋಳೆಸರ ಇದೆಯಾ ಮನೇಲಿ? ಹಚ್ಚಿ" ಅಂದೆ. "ಇದೆ ಡಾಕ್ಟ್ರೇ." "ಚೆನ್ನಾಗಿ ಹಚ್ಚಿ ಗಟ್ಟಿಯಾಗಿ ಕಟ್ಟಿ." "ಕಟ್ತೀನಿ ಡಾಕ್ಟ್ರೇ." ಅವನು ನಗಲಿಲ್ಲ. ಅವನಿಗೊಂದು ಚುಚ್ಚೋಣ ಅಂತ ಕೊನೆಗೆ ಅವನ ಮಾತನ್ನೇ ಅವನಿಗೆ ತಿರುಗಿಸಿದೆ. ಹೊಸ ಬೈಂಡು ಕೊಡುವಾಗ ಗಿರಾಕಿಗಳಿಗೆಲ್ಲ ಅವನು ಹೇಳುವ ಮಾತು. "ನಾನು ಹೇಳೋ ತನಕ ಬಿಚ್ಚಬೇಡಿ."

"ಇಲ್ಲ ಡಾಕ್ಟ್ರೇ, ಖಂಡಿತ ಬಿಚ್ಚಲ್ಲ" ಅಂದ.

ಅಷ್ಟರಲ್ಲಿ ಬಸ್ಸು ಬಂತು. ಮೈಕಿಗೆ ತಿರುಗಿದೆ. ಆಟ ಡ್ರಾ ಆಯಿತು ಅಂದುಕೊಂಡು ಮರೆತೂಬಿಟ್ಟೆ.

ಅತ್ತೆ ಅದಕ್ಕೆ ಮೊದಲೇ ಕ್ಲಿನಿಕ್ಕಿಗೆ ಫೋನ್ ಮಾಡಿದ್ದು ನನಗೆ ಗೊತ್ತಿರಲಿಲ್ಲ. ಡಾಕ್ಟರು ಅವತ್ತು ರಜೆ, ಬಂದ ಮೇಲೆ ಫೋನ್ ಮಾಡಿಸುತ್ತೇನೆ ಎಂದು ಅಲ್ಲಿಯ ನರ್ಸಮ್ಮ ಹೇಳಿ ಮರೆತದ್ದು, ಅತ್ತೆ "ಡಾಕ್ಟ್ರು ಫೋನ್ ಮಾಡ್ತಾರೆ, ಅವರು ಹೇಳಿದ ಹಾಗೆ ಮಾಡಿ" ಎಂದು ಮಾವನಿಗೆ ಆಣೆ ಹಾಕಿಸಿದ್ದು, ಮಾವ ಸುಟ್ಟ ಕೈ ಹಿಡಿದು ಫೋನಿನ ಪಕ್ಕ ಕಾದು ಕೂತಿದ್ದು, ಯಾವುದೂ ಗೊತ್ತಿರಲಿಲ್ಲ. ನರ್ಸಮ್ಮ ಮರೆತದ್ದು ಆಮೇಲೆ ತಿಳಿಯಿತು. ಉಳಿದದ್ದೆಲ್ಲ ಈಗ, ಆ ವಾಸನೆಯ ನಡುವೆ, ಮಾವನ ಬಾಯಿಂದಲೇ ಒಂದೊಂದಾಗಿ ಬಂತು.

"ಮಾವ, ಬಿಚ್ಚೋಣ" ಅಂದೆ.

"ಏಯ್, ಕೈ ತೆಗಿ."

"ಆಸ್ಪತ್ರೆಗೆ ಹೋಗೋಣ ನಡಿ."

"ಡಾಕ್ಟ್ರು ಹೇಳಿದ್ಮೇಲೆ ಮುಗೀತು. ನೋವು ಕೂಡ ಇಲ್ಲ ಕಣೋ. ಸುತ್ತ ಉರೀತದೆ, ನಡುವೆ ತಣ್ಣಗಿದೆ. ವಾಸಿ ಆಗ್ತಿದೆ ಅಂತ ಅರ್ಥ." ಅಂಗಿಯ ತೋಳು ಜಾರಿತು. ಮಣಿಕಟ್ಟಿನ ಒಳಬದಿಯಿಂದ ಮೊಣಕೈ ಕಡೆಗೆ ಒಂದು ಕೆಂಪು ಗೀಟು ಹೋಗಿತ್ತು. ಅಡಿಪಟ್ಟಿ ಇಟ್ಟು ಎಳೆದ ಹಾಗೆ.

ನಿಜ ಹೇಳಿಬಿಡಬೇಕಿತ್ತು. ಒಂದೇ ವಾಕ್ಯ. ಜಗತ್ತಿನ ಎಲ್ಲರ ಮಾತೂ ಬರುವ ಬಾಯಿಗೆ ನನ್ನ ಮಾತು ಬರಲಿಲ್ಲ. ಆಮೇಲೆ ಒಂದು ಹೇಡಿ ಉಪಾಯ ಹೊಳೆಯಿತು. ಕಟ್ಟಿಸಿದ ದನಿಯೇ ಬಿಚ್ಚಿಸಲಿ. ಡಾಕ್ಟರೇ ಫೋನ್ ಮಾಡಿ, ಬಿಚ್ಚಿ, ತಕ್ಷಣ ಬನ್ನಿ ಅಂದರೆ ಮಾವ ಹೊರಟಾನು. ಕೈಯೂ ಉಳಿದೀತು, ನನ್ನ ಮಾನವೂ ಉಳಿದೀತು.

"ಒಂದ್ನಿಮಿಷ, ಸೈಕಲ್ಲಿಗೆ ಬೀಗ ಹಾಕಿಲ್ಲ" ಅಂದು ಹೊರಗೆ ಬಂದೆ. ರಸ್ತೆ ದಾಟಿ ಎದುರಿನ ಬೀಗದಂಗಡಿಯ ಚಾವಣಿ ಕೆಳಗೆ ನಿಂತೆ. ಅಲ್ಲಿಂದ ಮಾವನ ಅಂಗಡಿಯ ಗಾಜಿನ ಕಿಟಕಿ ನೇರ ಕಾಣುತ್ತದೆ. ಮೊಬೈಲು ತೆಗೆದೆ. ನಂಬರು ಒತ್ತಿದೆ.

ಗಾಜಿನಾಚೆ ಮಾವ ಎಡಗೈಯಲ್ಲಿ ಫೋನೆತ್ತಿದ.

"ಹ್ಞಾಂ..." ಅಂದೆ.

ಮಾವ ಎದ್ದು ನಿಂತ. ಡಾಕ್ಟರ ದನಿ ಕೇಳಿ ಎದ್ದು ನಿಂತ! ಜ್ವರದಲ್ಲಿ ಒಂದು ಸಲ ತೂಗಾಡಿ, ಮೇಜಿಗೆ ತೊಡೆ ಆನಿಸಿ, ಶಾಲೆಯ ಮಗುವಿನಂತೆ ನೆಟ್ಟಗೆ ನಿಂತ. ಸೋಮವಾರವೂ ಇವನು ಹೀಗೇ ನಿಂತಿದ್ದ ಅನ್ನುವುದು ಆಗ ಅರ್ಥವಾಯಿತು.

"ನೋಡಿ... ಗಾಬರಿ..." ದನಿ ಒಡೆಯಿತು. ಗುಟುಕು ಮೌನ ಇರಬೇಕಾದ ಕಡೆ ಉಸಿರು ನುಗ್ಗಿತು. "ಗಾಬರಿ ಬೇಡ. ಕಟ್ಟು ಬಿಚ್ಚಿ. ಈಗಲೇ ಬಿಚ್ಚಿ, ಕ್ಲಿನಿಕ್ಕಿಗೆ ಬನ್ನಿ."

ಮಾವ ಮೆಲ್ಲಗೆ ಕೂತ. ತಲೆ ಎತ್ತಿ ಕಿಟಕಿಯಾಚೆ ನೋಡಿದ. ನೇರ ನನ್ನನ್ನೇ.

"ಇವತ್ತು ಬರಲಿಲ್ಲ ಕಣೋ" ಅಂದ ಫೋನಿನಲ್ಲಿ. ಬೈಗುಳ ಇರಲಿಲ್ಲ, ಸುಸ್ತು ಇತ್ತು. "ಪೂರಾ ನಡುಗ್ತಿದೆ. ಡಾಕ್ಟ್ರು ಹಾಗೆ ಮಾತಾಡಲ್ಲ. ಸೋಮವಾರ ನಿಜವಾದವರು ಎಷ್ಟು ಶಾಂತವಾಗಿ ಹೇಳಿದ್ರು ಗೊತ್ತಾ? ಅರ್ಧ ನೋವು ಅಲ್ಲೇ ಇಳೀತು."

ನಾನು ಬೀಗದಂಗಡಿಯ ಕಂಬ ಹಿಡಿದುಕೊಂಡೆ.

"ಮಾವ. ಸೋಮವಾರಾನೂ ನಾನೇ."

ರಸ್ತೆಯಲ್ಲಿ ಲಾರಿಯೊಂದು ಅಡ್ಡ ಹಾಯಿತು. ಅದು ದಾಟುವಷ್ಟು ಹೊತ್ತು ನನಗೆ ಅವನ ಮುಖ ಕಾಣಲಿಲ್ಲ, ಉಸಿರು ಮಾತ್ರ ಕಿವಿಯಲ್ಲಿತ್ತು. ಲಾರಿ ಹೋಯಿತು. ಮಾವ ನನ್ನನ್ನು ನೋಡುತ್ತಿರಲಿಲ್ಲ. ಮೇಜಿನ ಮೇಲಿದ್ದ ತನ್ನ ಕೈಯನ್ನು ನೋಡುತ್ತಿದ್ದ. ಅದು ಆಗ ತಾನೇ ಯಾರೋ ತಂದಿಟ್ಟು ಹೋದದ್ದೇನೋ ಅನ್ನುವ ಹಾಗೆ.

"ಹೌದಾ?" ಅಂದ.

"ನೀನು ಆಟ ಆಡ್ತಿದೀಯ ಅಂದ್ಕೊಂಡೆ."

"ನಾನು ಆಡ್ತಿರಲಿಲ್ಲ."

ಫೋನು ಕೆಳಗಿಡುವ ಮೊದಲು ಅವನು ಇನ್ನೊಂದು ಮಾತು ಕೇಳಿದ. "ಹಾಗಾದ್ರೆ ಇದರ ವಿಷಯ ಯಾವ ಡಾಕ್ಟ್ರಿಗೂ ಗೊತ್ತೇ ಇಲ್ವಾ?"

ಟ್ಯಾಕ್ಸಿಯಲ್ಲಿ ಮಾವ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ. ಕಿಟಕಿ ಇಳಿಸಿದ್ದರೂ ಚಾಲಕ ಎರಡು ಸಲ ಮೂಗು ಮುಟ್ಟಿಕೊಂಡ. ನಾನು ಕೆಂಪು ಗೀಟನ್ನೇ ನೋಡುತ್ತಿದ್ದೆ. ಅಂಗಡಿಯಲ್ಲಿ ಅದು ಮೊಣಕೈ ಹತ್ತಿರದ ಮಚ್ಚೆಯಿಂದ ಎರಡು ಬೆರಳು ಕೆಳಗಿತ್ತು. ಕ್ಲಿನಿಕ್ಕಿನ ಬಾಗಿಲಿಗೆ ಬಂದಾಗ ಒಂದೇ ಬೆರಳು ಕೆಳಗಿರುವಂತೆ ಕಂಡಿತು. ಅಥವಾ ನನ್ನ ಭಯಕ್ಕೆ ಹಾಗೆ ಕಂಡಿತೋ.

ಡಾಕ್ಟರು ದಾರ ಕತ್ತರಿಸಲು ಕತ್ತರಿ ಹಾಕಿದರು. ಮೇಣದ ದಾರ, ಜಗ್ಗಲಿಲ್ಲ. ಮಾವ ಜೇಬಿನಿಂದ ತನ್ನ ಬೈಂಡಿಂಗ್ ಚಾಕು ತೆಗೆದು, "ಇದ್ರಲ್ಲಿ ಹಾಕಿ ಡಾಕ್ಟ್ರೇ, ಒಳಗಂಟಿಂದ" ಅಂದ. ದಾರದ ಆರೂ ಸುತ್ತು ಬಿಚ್ಚಿತು. ಬಟ್ಟೆ ಬಂತು. ಪ್ಲಾಸ್ಟಿಕ್ಕನ್ನು ಉಪ್ಪುನೀರಲ್ಲಿ ನೆನೆಸಿ ನೆನೆಸಿ ಬಿಡಿಸಿದರು. ಒಳಗೆ ಸಿಪ್ಪೆ ಸಮೇತ ಇಟ್ಟಿದ್ದ ಎಲೆಯ ಹೋಳು ಕೊಳೆತು, ಹಳದಿ ರಸ ಬಳಿದುಕೊಂಡು, ಎಲೆ ಎಲ್ಲಿ ಮುಗಿಯಿತು ಕೈ ಎಲ್ಲಿ ಶುರುವಾಯಿತು ತಿಳಿಯುವಂತಿರಲಿಲ್ಲ. ಸುತ್ತಲ ಚರ್ಮ ಕೆಂಪಗೆ ಉರಿದೆದ್ದಿತ್ತು. ನಡುವೆ, ಅಂಗೈಯಿಂದ ಹೆಬ್ಬೆರಳ ಬುಡದ ತನಕ, ನೆನೆದ ರಟ್ಟಿನಂತೆ ಬೂದು ಬಿಳುಪು. ಡಾಕ್ಟರು ಅಲ್ಲಿ ಸೂಜಿಯ ಮೊನೆ ಮುಟ್ಟಿಸಿದರು.

"ಚುಚ್ಚಿತಾ?"

"ಇನ್ನೂ ಚುಚ್ಚಿಲ್ವಲ್ಲ ಡಾಕ್ಟ್ರೇ" ಅಂದ ಮಾವ.

ಡಾಕ್ಟರು ಸೂಜಿ ಕೆಳಗಿಟ್ಟರು. "ನೋವು ಹೇಳೋ ನರಾನೇ ಸುಟ್ಟಿದೆ. ಅದಕ್ಕೇ ತಣ್ಣಗಿದ್ದದ್ದು. ಯಾರು ಹೀಗೆ ಕಟ್ಟೋಕೆ ಹೇಳಿದ್ದು?"

ಮಾವ ನನ್ನ ಕಡೆ ನೋಡದೆ, "ನಾನೇ ಕಟ್ಕೊಂಡೆ" ಅಂದ.

"ನಾನು ಹೇಳಿದ್ದು ಡಾಕ್ಟ್ರೇ" ಅಂದೆ. "ನಿಮ್ಮ ದನೀಲಿ. ಫೋನಲ್ಲಿ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನನ್ನ ದನಿ ಕದ್ದವನು ಬುದ್ಧೀನೂ ಒಂಚೂರು ಕದೀಬೇಕಿತ್ತು" ಅಂದರು. ಗಾಯದ ಮೇಲೆ ಬಿಳಿ ಬಟ್ಟೆ ಸಡಿಲವಾಗಿ ಹೊದಿಸುತ್ತಲೇ, ಯಾರಿಗೆ ಹೇಳುತ್ತಿದ್ದಾರೆಂದು ತಿಳಿಯದ ಹಾಗೆ ಹೇಳುತ್ತ ಹೋದರು. "ಲೋಳೆಸರ ನಮ್ಮನೇಲೂ ಇದೆ. ಬಿಸಿಲಿಗೆ ಬೆಂದ ಮೈಗೆ ಹಿತ. ಒಣಗಿ ಬಿರಿದ ಕೈಗೆ ಹಿತ. ಹಬೆ ತಾಗಿ ಮೇಲೆ ಮೇಲೆ ಕೆಂಪಾಗಿದ್ರೆ, ಇಪ್ಪತ್ತು ನಿಮಿಷ ತಣ್ಣೀರು ಬಿಟ್ಟು, ಆಮೇಲೆ ತಿಳಿ ತಿರುಳು ಹಚ್ಚಿದ್ರೆ ಬೇಗ ಮಾಯೋದೂ ಉಂಟು. ಆದ್ರೆ ಚರ್ಮ ಬೆಳ್ಳಗಾಗಿ ನೋವೇ ಇಲ್ಲದ ಸುಟ್ಟಗಾಯಕ್ಕೆ ಎಲೆ ಇಟ್ಟು, ಗಾಳಿಯಾಡದಂಗೆ ಬಿಗಿದು, ಐದು ದಿನ..." ಮಾತು ನಿಲ್ಲಿಸಿದರು. ಕೆಂಪು ಗೀಟನ್ನು ಬೆರಳಲ್ಲಿ ಹಿಂಬಾಲಿಸಿದರು. ಮಚ್ಚೆಯ ಹತ್ತಿರ ನಿಲ್ಲಿಸಿ, ಪೆನ್ನು ತೆಗೆದು ಅಲ್ಲೊಂದು ಗುರುತು ಹಾಕಿದರು.

"ಹ್ಞಾಂ" ಅಂದರು. "ನೋಡಿ."

ಗುಟುಕು ಮೌನ.

ನಾನು ಕಾದೆ. ಮಾವನೂ ಕಾದ, ಅವನ ತುಟಿ ಆ ಎರಡು ಪದಕ್ಕೆ ಮೊದಲೇ ತೆರೆದಿತ್ತು.

ಅವರು ಅದನ್ನು ಹೇಳಲಿಲ್ಲ. ಚೀಟಿ ಬರೆದು, "ದೊಡ್ಡಾಸ್ಪತ್ರೆಗೆ ಹೋಗಿ. ನಾನು ಫೋನ್ ಮಾಡಿರ್ತೀನಿ. ಮಧ್ಯೆ ಎಲ್ಲೂ ನಿಲ್ಲಿಸಬೇಡಿ" ಅಂದರು.

ಇಷ್ಟು ವರ್ಷದಲ್ಲಿ ನನಗೆ ಅಷ್ಟು ಭಯವಾದದ್ದಿಲ್ಲ.

ದೊಡ್ಡಾಸ್ಪತ್ರೆಯ ಶಸ್ತ್ರವೈದ್ಯೆ ಗಿಡ್ಡಗೆ, ಚುರುಕು. ಪದಗಳನ್ನು ಎಣಿಸಿ ಎಣಿಸಿ ಕೊಡುವ ಹೆಂಗಸು. "ಸತ್ತ ಚರ್ಮ ತೆಗೀಬೇಕು. ಸೋಂಕು ಮೇಲೆ ಹೋಗ್ತಿದೆ. ಹೆಬ್ಬೆರಳು ಉಳಿಯುತ್ತೆ ಅಂತ ಈಗ ನಾನು ಮಾತು ಕೊಡಲ್ಲ." ಸಹಿ ಹಾಕಿ ಅಂದರು. ಮಾವ ಎಡಗೈಯಲ್ಲಿ ಪೆನ್ನು ಹಿಡಿದು ಒಂದು ಕಾಗೆಕಾಲು ಬರೆದ. ಗಾಲಿಮಂಚ ತಳ್ಳುವಾಗ ಸೀಲಿಂಗನ್ನೇ ನೋಡುತ್ತಿದ್ದವನು ತಲೆ ಹೊರಳಿಸಿ, "ಲೇ, ಪ್ರೆಸ್ಸಲ್ಲಿ ಲೈಬ್ರರಿ ನಿಘಂಟು ಇದೆ, ತಿರುಪು ಸಡಿಲ ಮಾಡು. ಜಾಸ್ತಿ ದಿನ ಬಿಗಿದಿದ್ರೆ ಬೆನ್ನು ಮುರಿಯುತ್ತೆ" ಅಂದ. ಆಮೇಲೆ ಬಾಗಿಲು ಮುಚ್ಚಿತು.

ಒಂದು ಗಂಟೆಯ ಮೇಲೆ ಅತ್ತೆ ಬಂದರು. ಚೀಲ ಇನ್ನೂ ಹೆಗಲಲ್ಲೇ ಇತ್ತು. ಎಲ್ಲ ಹೇಳಿದೆ. ಒಂದಕ್ಷರ ಬಿಡಲಿಲ್ಲ. ಅವರು ಹೊಡೆಯಲಿ ಅಂತ ಕಾದೆ. ಅವರು ಬೆಂಚಿನ ತುದಿಯಲ್ಲಿ ಕೂತು, "ಮಾಡಿ ತೋರ್ಸು" ಅಂದರು.

"ಏನತ್ತೆ?"

"ಅವತ್ತು ಅವರಿಗೆ ಹೇಗೆ ಹೇಳಿದ್ಯೋ ಹಾಗೇ ಹೇಳು. ನಾನು ಕೇಳ್ಬೇಕು."

"ಬೇಡ ಅತ್ತೆ."

"ಹೇಳು."

ಮಧ್ಯಾಹ್ನ ನನ್ನ ಮಾನ ಉಳಿಸಿಕೊಳ್ಳಲು ಕರೆದಾಗ ಬಾರದ ದನಿ ಈಗ ಬರುವುದಿಲ್ಲ ಅಂದುಕೊಂಡೇ ಬಾಯಿ ತೆರೆದೆ. "ಹ್ಞಾಂ... ನೋಡಿ... ಗಾಬರಿ ಬೇಡ." ಬಂತು. ಕೂದಲೆಳೆಯಷ್ಟೂ ತಪ್ಪಿಲ್ಲದೆ ಬಂತು. ಶಾಂತವಾಗಿ, ನಂಬಿಕೆ ಹುಟ್ಟುವಂತೆ, ಎಲ್ಲ ಸರಿಹೋಗುತ್ತದೆ ಅನ್ನುವಂತೆ. ಪಕ್ಕದ ಬೆಂಚಿನಲ್ಲಿ ಯಾರಿಗೋ ಕಾಯುತ್ತಿದ್ದ ಮುದುಕರೊಬ್ಬರು ಆಸೆಯಿಂದ ತಲೆ ಎತ್ತಿದರು. ಡಾಕ್ಟರು ಎಲ್ಲಿ ಅಂತ ಹುಡುಕಿದರು.

ನನ್ನ ಗಂಟಲೊಳಗೆ ಏನು ಸಾಕಿಕೊಂಡಿದ್ದೇನೆ ಅನ್ನುವುದನ್ನು ಅವತ್ತೇ ಮೊದಲು ಕಂಡದ್ದು.

ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು. "ನಾನೂ ನಂಬ್ತಿದ್ದೆ" ಅಂದರು.

ಅವತ್ತು ಸತ್ತದ್ದನ್ನೆಲ್ಲ ಕೆರೆದು ತೆಗೆದರು. ಕೆಂಪು ಗೀಟು ಪೆನ್ನಿನ ಗುರುತು ದಾಟಲಿಲ್ಲ. ಮಾರನೆಯ ದಿನ ಒಂದು ಬೆರಳು ಹಿಂದೆ ಸರಿಯಿತು, ಆಮೇಲೆ ಇನ್ನೂ ಒಂದು. ನಾನು ಮೈಕಿನ ಕೆಲಸ ಮುಗಿದ ಕೂಡಲೇ ಬಂದು ಮೊದಲು ನೋಡುತ್ತಿದ್ದದ್ದು ಮಾವನ ಮುಖವನ್ನಲ್ಲ, ಆ ಗುರುತನ್ನು. ಎಂಟನೇ ದಿನ ತೊಡೆಯಿಂದ ತೆಳ್ಳನೆ ಚರ್ಮ ತೆಗೆದು ಅಂಗೈಗೆ ಹೊಲಿದರು. ಮಾವ ಮಂಪರಿನಲ್ಲೇ, "ಇಷ್ಟು ವರ್ಷ ಕ್ಯಾಲಿಕೊ, ಈಗ ಪೂರಾ ಚರ್ಮದ ಬೈಂಡಿಂಗು" ಅಂದ. ಅತ್ತೆ ನಕ್ಕರು, ನಗುತ್ತಲೇ ಅತ್ತರು. ನನಗೆ ಎರಡೂ ಆಗಲಿಲ್ಲ. ಅಂಟಿಸಿದ ಚರ್ಮ ಹಿಡಿಯಿತೋ ಇಲ್ಲವೋ ಐದು ದಿನ ಯಾರಿಗೂ ಗೊತ್ತಾಗುವಂತಿರಲಿಲ್ಲ. ಹಿಡಿಯದಿದ್ದರೆ ಹೆಬ್ಬೆರಳು ಉಳಿದೂ ಉಪಯೋಗವಿಲ್ಲ.

ಆ ಐದು ದಿನ ಮೈಕಿನಲ್ಲಿ ಬಸ್ಸಿನ ಹೆಸರು ಕೂಗುವಾಗಲೂ ನನ್ನ ದನಿ ನನಗೇ ಹೆದರಿಕೆ ಹುಟ್ಟಿಸುತ್ತಿತ್ತು. ಮೂರನೇ ಅಂಕಣ ಅಂದರೆ ಜನ ಗಂಟು ಮೂಟೆ ಎತ್ತಿಕೊಂಡು ಮೂರನೇ ಅಂಕಣಕ್ಕೇ ಓಡುತ್ತಿದ್ದರು. ಒಬ್ಬರೂ ಕೂಗಿದವನು ಯಾರೆಂದು ತಿರುಗಿ ನೋಡುತ್ತಿರಲಿಲ್ಲ. ಪ್ರತಿ ಸಲವೂ ಚೀಟಿಯನ್ನು ಎರಡೆರಡು ಸಲ ಓದಿ ಕೂಗುತ್ತಿದ್ದೆ.

ಕಟ್ಟು ಬಿಚ್ಚುವ ದಿನ ಬೆಳಿಗ್ಗೆ ಶಸ್ತ್ರವೈದ್ಯೆ ಟ್ರೇ ಹಿಡಿದು ಬಂದರು. ಮಾವ ಕೈ ಹಿಂದಕ್ಕೆ ಎಳೆದುಕೊಂಡ.

"ಇನ್ನೂ ಒಂದಿನ ಇರಲಿ ಡಾಕ್ಟ್ರೇ. ಹಸೀದು ಬಿಚ್ಚಬಾರದು."

"ಬಿಚ್ಚಲೇಬೇಕು."

ಮಾವ ನನ್ನ ಕಡೆ ನೋಡಿದ. "ಅಳಿಯಂದ್ರೇ, ಒಂದ್ಸಲ ಅನ್ನು. ನಮ್ಮ ಹ್ಞಾಂ ಡಾಕ್ಟ್ರ ಥರ. ಗಾಬರಿ ಬೇಡ ಅನ್ನು."

ಹೇಳಿದ್ದರೆ ಬರುತ್ತಿತ್ತು. ಅದು ಅಲ್ಲೇ, ನಾಲಿಗೆಯ ಬುಡದಲ್ಲೇ ಕೂತಿತ್ತು.

"ನಂಗೂ ಗಾಬರಿ ಆಗ್ತಿದೆ ಮಾವ" ಅಂದೆ. ನನ್ನದೇ ದನಿಯಲ್ಲಿ. ಕೀರಲು ದನಿ ಅದು, ಯಾರೂ ಮಿಮಿಕ್ರಿ ಮಾಡಲು ಇಷ್ಟಪಡದಂಥದ್ದು. ಅವನ ಎಡಗೈ ಹಿಡಿದುಕೊಂಡೆ.

ಮಾವ ಕಣ್ಣು ಮುಚ್ಚಿ ಬಲಗೈ ಮುಂದೆ ಚಾಚಿದ.

ಬಟ್ಟೆ ಒಂದೊಂದೇ ಪದರವಾಗಿ ಬಂತು. ಕೊನೆಯ ಪದರಕ್ಕೆ ಉಪ್ಪುನೀರು ಬಿಟ್ಟು ಕಾದರು. ನಾನು ವಾಸನೆಗೆ ಕಾದೆ. ವಾಸನೆ ಬರಲಿಲ್ಲ. ಒಳಗೆ ಅಂಗೈ ತುಂಬ ತೇಪೆ ತೇಪೆಯಾಗಿ ಗುಲಾಬಿ ಬಣ್ಣ. ಒಂದು ಮೂಲೆಯಲ್ಲಿ ಉಗುರಿನಷ್ಟು ಜಾಗ ಕಪ್ಪಾಗಿತ್ತು. ವೈದ್ಯೆ ಅದನ್ನು ನೋಡಿದರು, ಉಳಿದದ್ದನ್ನು ಒತ್ತಿ ನೋಡಿದರು.

"ಹಿಡಿದಿದೆ" ಅಂದರು. "ಹೆಬ್ಬೆರಳು ಮಡಿಸಿ. ಏನಾದ್ರೂ ಹಿಡೀರಿ ನೋಡೋಣ."

ಹತ್ತಿಯ ಉಂಡೆ ಕೊಡಲು ಹೋದರು. ಮಾವ ತಲೆಯಾಡಿಸಿದ.

"ಕಿವಿ ತಗೊಂಡು ಬಾರೋ ಕಳ್ಳ."

ಬಗ್ಗಿದೆ. ಹೆಬ್ಬೆರಳು ನಡುಗುತ್ತ, ತಡೆತಡೆದು, ಬಾಗಿಲ ಹಳೇ ತಿರುಗಣಿಯಂತೆ ಬಂತು. ತೋರುಬೆರಳು ಎದುರಿಂದ ಬಂತು. ನನ್ನ ಕಿವಿಯ ತುದಿಗೆ ಎರಡೂ ಕಡೆಯಿಂದ ಏನೋ ತಾಗಿತು. ನೊಣ ಕೂತಷ್ಟು. ಹಿಂಡುವುದಿರಲಿ, ಹಿಡಿದಿದೆ ಅನ್ನುವುದಕ್ಕೂ ಆಗದಷ್ಟು. ಮಾವನ ಹಣೆ ಬೆವರುತ್ತಿತ್ತು.

"ಅಯ್ಯಯ್ಯೋ, ಬಿಡು ಮಾವ!" ಅಂತ ಕೂಗಿದೆ.

ಮಾವ ಕೈ ತೆಗೆಯಲಿಲ್ಲ. "ನಾಟಕ ಬೇಡ" ಅಂದ. "ನಿಜ ಹೇಳು. ನೋವಾಯ್ತಾ?"

ಅತ್ತೆ ನನ್ನನ್ನೇ ನೋಡುತ್ತಿದ್ದರು.

"ಇಲ್ಲ ಮಾವ. ಏನೂ ಗೊತ್ತಾಗ್ಲಿಲ್ಲ."

"ಹ್ಞೂಂ." ಬೆರಳು ಕಿವಿಯಿಂದ ಜಾರಿತು. ಅವನು ದಿಂಬಿಗೆ ಒರಗಿದ. "ನಾಳೆ ಇದೇ ಹೊತ್ತಿಗೆ ಬಾ. ನೋವಾಗೋ ತನಕ ದಿನಾ ಬರ್ಬೇಕು."